ಕಾರ್ನೆಲ್ 77, ವೆನೆಟಾ 72: ವರ್ಷಗಟ್ಟಲೆ ಕೇಳಿದ ಮೇಲೆ

ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ ಕೇಳಲು ಎಲ್ಲಿಂದ ಶುರು ಮಾಡಲಿ ಅಂದರೆ ಅಭಿಮಾನಿಗಳು ಸಾಮಾನ್ಯವಾಗಿ ತೋರಿಸುವುದು 1977ರ ಮೇ 8ರ ಕಾರ್ಯಕ್ರಮವನ್ನು, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನದ್ದು. ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಫೋನಿನಲ್ಲಿ ಜಾಗ ಸಾಲದಾದಾಗ ನಾನು ಅಳಿಸದೆ ಉಳಿಸಿಕೊಳ್ಳುವುದು 1972ರ ಆಗಸ್ಟ್ 27ರದ್ದು, ಆರೆಗಾನ್ ರಾಜ್ಯದ ವೆನೆಟಾದಲ್ಲಿ ನುಡಿಸಿದ್ದು.

ಕಾರ್ನೆಲ್ ಅಧಿಕೃತವಾಗಿ ಬಂದದ್ದು 2017ರಲ್ಲಿ, ಮೂರು ಸಿಡಿಗಳಾಗಿ. ಅದಕ್ಕೆ ಮೊದಲು ದಶಕಗಳ ಕಾಲ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗುತ್ತಾ ಕೈಯಿಂದ ಕೈಗೆ ಓಡಾಡಿತ್ತು. ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಅದನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ರೆಕಾರ್ಡಿಂಗ್ ತಂಡದ ಧ್ವನಿ ಎಂಜಿನಿಯರ್ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರದ್ದು. ಹೆಡ್‌ಫೋನ್ ಹಾಕಿಕೊಂಡರೆ ಒಂದೊಂದು ವಾದ್ಯವೂ ತನ್ನ ಜಾಗದಲ್ಲಿ ನಿಂತು ಕೇಳಿಸುತ್ತದೆ.

ನಾನು ಮತ್ತೆ ಮತ್ತೆ ಹೋಗುವುದು 'ಸ್ಕಾರ್ಲೆಟ್ ಬಿಗೋನಿಯಾಸ್' ಮುಗಿಯುವ ಹೊತ್ತಿಗೆ. ಹಾಡು ನಿಲ್ಲುವುದಿಲ್ಲ, ಕರಗುತ್ತದೆ. ಗಿಟಾರುಗಳು ತಗ್ಗುತ್ತವೆ, ಫಿಲ್ ಲೆಶ್‌ರ ಬೇಸ್ ಕೆಳಗಿನಿಂದ ಬೇರೆ ದಾರಿ ಹಿಡಿಯುತ್ತದೆ, ನೋಡನೋಡುತ್ತಲೇ 'ಫೈರ್ ಆನ್ ದ ಮೌಂಟನ್' ಶುರುವಾಗಿರುತ್ತದೆ. ಎರಡನ್ನೂ ಜೋಡಿಸಿ ನುಡಿಸುವುದು ಆ ವರ್ಷದ ಮಾರ್ಚ್‌ನಲ್ಲಷ್ಟೇ ಆರಂಭವಾಗಿತ್ತು. 'ಫೈರ್' ನಿಂತಿರುವುದು ಬರೀ ಎರಡು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ. ಜೋಡಿ ಮಾತ್ರ 25 ನಿಮಿಷ ಮೀರುತ್ತದೆ, ಬೇಸರ ಆಗುವುದಿಲ್ಲ. ಇಬ್ಬರು ಡ್ರಮ್ಮರ್‌ಗಳು ಲಯ ಹಂಚಿಕೊಳ್ಳುವುದನ್ನು ಕೇಳುವಾಗ ನಮ್ಮ ತನಿ ಆವರ್ತನ ನೆನಪಾದರೆ ಆಶ್ಚರ್ಯವಿಲ್ಲ: ಅವರಲ್ಲೊಬ್ಬರಾದ ಮಿಕ್ಕಿ ಹಾರ್ಟ್ ಮುಂದೆ 'ಪ್ಲಾನೆಟ್ ಡ್ರಮ್' ಮಾಡಿದ್ದು ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ.

ನನ್ನ ತಕರಾರು ಇರುವುದು ಆ ರೆಕಾರ್ಡಿಂಗಿನ ಸ್ವಚ್ಛತೆಯ ಬಗ್ಗೆಯೇ. ಸೌಂಡ್‌ಬೋರ್ಡ್ ಟೇಪಿನಲ್ಲಿ, ಅಂದರೆ ವೇದಿಕೆಯ ಮಿಕ್ಸರಿನಿಂದ ನೇರವಾಗಿ ತೆಗೆದದ್ದರಲ್ಲಿ, ಹಾಲ್ ಇಲ್ಲ, ಜನರೂ ದೂರ. 'ಮಾರ್ನಿಂಗ್ ಡ್ಯೂ' ಕೊನೆಯಲ್ಲಿ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತಂತಿಗಳನ್ನು ಬಿಡದೆ ಮೀಟುತ್ತಾ ಏರಿಸುವಾಗ ಎದುರಿಗಿದ್ದವರ ಗದ್ದಲ ಬೇಕು ಅನ್ನಿಸುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರೇಕ್ಷಕರು ಮೈಕ್ ಹಿಡಿದು ಮಾಡಿಕೊಂಡ ಟೇಪುಗಳಿವೆ, ಎರಡನ್ನೂ ಬೆರೆಸಿದ ಮ್ಯಾಟ್ರಿಕ್ಸ್ ಪ್ರತಿಗಳೂ ಇವೆ. ಪ್ರೇಕ್ಷಕರ ಟೇಪು ಇಳಿಸಿಕೊಳ್ಳಬಹುದು. ಸೌಂಡ್‌ಬೋರ್ಡ್ ಆದರೆ ಅಲ್ಲೇ ಕೇಳಬೇಕು. ಮಂದ್ರ ಸ್ವಲ್ಪ ಕಲಸಿಹೋದರೂ 'ಡ್ಯೂ' ಮಟ್ಟಿಗೆ ನಾನು ಮ್ಯಾಟ್ರಿಕ್ಸ್ ಕಡೆಯೇ.

ವೆನೆಟಾ ಬೇರೆಯೇ ಲೋಕ. ಹಣದ ಮುಗ್ಗಟ್ಟಿನಲ್ಲಿದ್ದ ಹಾಲಿನ ಡೈರಿಯೊಂದರ ಸಹಾಯಾರ್ಥ ಬಯಲಿನಲ್ಲಿ, ಸುಡುಬಿಸಿಲಿನಲ್ಲಿ ನುಡಿಸಿದ್ದು. ಬಿಸಿಲಿಗೆ ತಂತಿಗಳು ಶ್ರುತಿ ಬಿಡುತ್ತವೆ, ಹಾಡುಗಳ ನಡುವೆ ಸರಿಮಾಡಿಕೊಳ್ಳುತ್ತಾರೆ, ನನಗದು ಕಿರಿಕಿರಿಯಲ್ಲ. ಹಾರ್ಟ್ ಆಗ ತಂಡದಲ್ಲಿರಲಿಲ್ಲ, ಡ್ರಮ್ಸ್‌ನಲ್ಲಿ ಬಿಲ್ ಕ್ರಾಯ್ಟ್ಸ್‌ಮನ್ ಒಬ್ಬರೇ. ಹಾಗಾಗಿ ಲಯ ಹಗುರ, ಎತ್ತ ಬೇಕಾದರೂ ತಿರುಗುತ್ತದೆ. ಅರ್ಧ ಗಂಟೆಯ 'ಡಾರ್ಕ್ ಸ್ಟಾರ್' ಲಯವನ್ನೂ ರಾಗವನ್ನೂ ಬಿಚ್ಚಿ ಹರಡಿ, ಎಲ್ಲಿಗೂ ಸಲ್ಲದ ಕಡೆ ಹೋಗಿ, ಕೊನೆಗೆ ಇಳಿಯುವುದು 'ಎಲ್ ಪಾಸೋ' ಎಂಬ ಕೌಬಾಯ್ ಹಾಡಿಗೆ! ಮುಂದೇನು ಬರುತ್ತದೆಂದು ಗೊತ್ತಿದ್ದೂ ಆ ತಿರುವಿಗೆ ಈಗಲೂ ನಗು ಬರುತ್ತದೆ. ಕಾರ್ನೆಲ್‌ನ ಪ್ರತಿ ಮೀಟೂ ನನಗೆ ಬಾಯಿಪಾಠ. ಇಲ್ಲಿ ಇನ್ನೂ ದಾರಿ ತಪ್ಪುತ್ತೇನೆ.

ವೆನೆಟಾದ 2013ರ ಅಧಿಕೃತ ಬಿಡುಗಡೆಯಲ್ಲಿ ಚಲನಚಿತ್ರವೂ ಇದೆ, ಒಮ್ಮೆ ನೋಡಿದರೆ ಸಾಕು. ಮೊದಲ ಸಲವೇ 'ಡಾರ್ಕ್ ಸ್ಟಾರ್'ಗೆ ಕೈ ಹಾಕಬೇಡಿ. 'ಚೈನಾ ಕ್ಯಾಟ್ ಸನ್‌ಫ್ಲವರ್' ಹಾಕಿ, ಅದು 'ಐ ನೋ ಯೂ ರೈಡರ್'ಗೆ ದಾಟುವವರೆಗೆ ಕೇಳಿ. ಅದೂ ಹಿಡಿಸದಿದ್ದರೆ ದುಡ್ಡು ಹಾಕುವ ಅಗತ್ಯವಿಲ್ಲ.