ಹಳೇ ಟ್ರಕ್ ಸ್ಟಾರ್ಟ್ ಆಗ್ತಿಲ್ವಾ? ಟೆಸ್ಟ್ ಲ್ಯಾಂಪೋ, ಮಲ್ಟಿಮೀಟರೋ?

ಕೀ ತಿರುಗಿಸಿದರೆ ಬರೀ ಟಕ್ ಅನ್ನುತ್ತದೆ, ಇಲ್ಲವೇ ಸದ್ದೇ ಇಲ್ಲ. ಆಗ ಸುಮ್ನೆ ಹೊಸ ಬ್ಯಾಟರಿ ತರಬೇಡಿ. ಕರೆಂಟ್ ಎಲ್ಲಿ ನಿಂತಿದೆ ಅಂತ ಮೊದಲು ಹುಡುಕಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಟೆಸ್ಟ್ ಲ್ಯಾಂಪ್ ಅಂದರೆ ಒಂದು ಕಡೆ ಕ್ಲಿಪ್, ಇನ್ನೊಂದು ಕಡೆ ಚೂಪು ಮೊನೆ ಇರುವ ಸಣ್ಣ ಬಲ್ಬ್. ಅದು ಅಗ್ಗ, ಬಳಸುವುದೂ ಸುಲಭ. ಕ್ಲಿಪ್ಪನ್ನು ಬ್ಯಾಟರಿಯ ಮೈನಸ್‌ಗೆ ಹಾಕಿ, ಮೊನೆಯನ್ನು ಸ್ಟಾರ್ಟರ್ ಸೊಲೆನಾಯ್ಡ್‌ನ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಭಾಗ) ಸಣ್ಣ ವೈರಿಗೆ ಮುಟ್ಟಿಸಿ. ಇನ್ನೊಬ್ಬರು ಕೀ ತಿರುಗಿಸಿದಾಗ ಬಲ್ಬ್ ಚೆನ್ನಾಗಿ ಉರಿದರೆ ಕೀ ಸ್ವಿಚ್ಚಿನಿಂದ ಕರೆಂಟ್ ಬರುತ್ತಿದೆ ಎಂದರ್ಥ. ತುಂಬಾ ತುಕ್ಕು ಹಿಡಿದ ಕನೆಕ್ಷನ್‌ನಲ್ಲೂ ಮಲ್ಟಿಮೀಟರ್ ಪೂರ್ತಿ ವೋಲ್ಟೇಜ್ ತೋರಿಸಿಬಿಡಬಹುದು. ಬಲ್ಬ್ ಕರೆಂಟ್ ಎಳೆಯುವುದರಿಂದ ಅಲ್ಲಿ ಮಂಕಾಗುತ್ತದೆ. ಇಂಜಿನ್ ಕಂಪ್ಯೂಟರಿನ ವೈರುಗಳಿಗೆ ಮಾತ್ರ ಇದನ್ನು ಮುಟ್ಟಿಸಬೇಡಿ.

ಮಲ್ಟಿಮೀಟರ್ ವೋಲ್ಟೇಜನ್ನು ಅಂಕಿಯಲ್ಲೇ ಅಳೆದು ತೋರಿಸುತ್ತದೆ. ಸುಮ್ಮನಿರುವ 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂದುಕೊಳ್ಳಿ. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಇಳಿದರೆ ಬ್ಯಾಟರಿ ಸೋತಿದೆ, ಅಥವಾ ಸ್ಟಾರ್ಟರ್ ಜಾಸ್ತಿ ಎಳೆಯುತ್ತಿದೆ. 24 ವೋಲ್ಟ್ ಗಾಡಿಗೆ ಇವೆಲ್ಲ ಎರಡರಷ್ಟು.

ಮಲ್ಟಿಮೀಟರಿನ ನಿಜವಾದ ಲಾಭ ಇರುವುದು ಅರ್ಥ್ ಕೇಬಲ್ (ಬ್ಯಾಟರಿಯ ಮೈನಸ್‌ನಿಂದ ಹೋಗುವ ದಪ್ಪ ವೈರ್) ಪರೀಕ್ಷೆಯಲ್ಲಿ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಇಡಿ. ಸ್ಟಾರ್ಟರ್ ತಿರುಗಿಸುವಾಗ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಕೇಬಲ್ಲೋ ಅದರ ಬೋಲ್ಟೋ ಕೆಟ್ಟಿದೆ. ಹಳೇ ಗಾಡಿಗಳಲ್ಲಿ ಈ ತೊಂದರೆ ಬಹಳ. ಲ್ಯಾಂಪ್ ಇದನ್ನು ಹೇಳುವುದಿಲ್ಲ.

ಒಂದೇ ಕೊಳ್ಳುವುದಾದರೆ ಮಲ್ಟಿಮೀಟರ್ ಕೊಳ್ಳಿ. ದಾರಿಯಲ್ಲಿ ಬೇಗ ನೋಡಲು ಲ್ಯಾಂಪ್ ಸಾಕು, ಆದರೆ ಅದು ನಿಮ್ಮ ಗಾಡಿಯ ವೋಲ್ಟೇಜಿಗೆ ಹೊಂದಬೇಕು.