ಕಬ್ಬಿನ ಗದ್ದೆಗೆ 0–32 ಬ್ರಿಕ್ಸ್ ಮೀಟರ್: ಎಟಿಸಿಯನ್ನು ಎಷ್ಟು ನಂಬಬಹುದು?

ಆನ್‌ಲೈನ್‌ನಲ್ಲಿ ಹತ್ತಾರು ಹೆಸರಲ್ಲಿ ಸಿಗುವ 0–32 ಬ್ರಿಕ್ಸ್ ಕೈ ರಿಫ್ರ್ಯಾಕ್ಟೋಮೀಟರ್ (ರಸದಲ್ಲಿ ಶೇಕಡಾ ಎಷ್ಟು ಸಕ್ಕರೆಯಿದೆ ಎಂದು ಬ್ರಿಕ್ಸ್ ಅಂಕಿಯಲ್ಲಿ ತೋರಿಸುವ ಮೀಟರ್) ಬಳಕೆಯಲ್ಲಿ ಹೆಚ್ಚುಕಡಿಮೆ ಒಂದೇ: ಒಂದು ಪ್ರಿಸಂ, ಅದರ ಮೇಲೊಂದು ಮುಚ್ಚಳ, ಶೂನ್ಯ ಹೊಂದಿಸುವ ಸ್ಕ್ರೂ, 0.2ರ ಗೆರೆಗಳು. ಕಬ್ಬು, ದ್ರಾಕ್ಷಿ ಬೆಳೆಗಾರರಿಗೆ ಇದು ಖಂಡಿತ ಕೊಳ್ಳಬೇಕಾದ ಸಾಧನ. ಆದರೆ ಮೈಮೇಲೆ ಬರೆದಿರುವ ‘ಎಟಿಸಿ’ (ತಾಪಕ್ಕೆ ತಕ್ಕಂತೆ ಅಳತೆಯನ್ನು ತಾನೇ ಸರಿಪಡಿಸುವ ವ್ಯವಸ್ಥೆ) ಎಂಬ ಮೂರಕ್ಷರವನ್ನು ಪರೀಕ್ಷಿಸದೆ ನಂಬಬಾರದು.

ಈ ಮೀಟರ್ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ, ರಸದ ವಕ್ರೀಭವನ ಸೂಚ್ಯಂಕವನ್ನು, ಅಂದರೆ ಅದರಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಅಳೆಯುತ್ತದೆ. 20 ಡಿಗ್ರಿಯಲ್ಲಿ ಶುದ್ಧ ನೀರಿನದು 1.3330, 30 ಡಿಗ್ರಿಗೆ ಬಂದರೆ 1.3319. ಬಿಸಿಗೆ ದ್ರವ ಹಿಗ್ಗಿ ಸಾಂದ್ರತೆ ಇಳಿಯುತ್ತದೆ, ಬೆಳಕು ಕಡಿಮೆ ಬಾಗುತ್ತದೆ. ಬರೀ 0.0011 ಎನಿಸಬಹುದು, ಆದರೆ ಬ್ರಿಕ್ಸ್ ಲೆಕ್ಕದಲ್ಲಿ ಅದು 0.7ಕ್ಕೂ ಹೆಚ್ಚು. 18 ಬ್ರಿಕ್ಸ್ ಬಂದಿರುವ ಕಬ್ಬು ಮಧ್ಯಾಹ್ನ 17.2 ತೋರಿಸಿ, ಕಟಾವು ಸುಮ್ಮನೆ ಮುಂದೆ ಹೋಗುತ್ತದೆ. ಪ್ರಿಸಂ ಗಾಜಿನ ಸೂಚ್ಯಂಕದ ಚಿಂತೆ ಬೇಡ: ಮಸೂರಗಳಿಗೆ ಬಳಸುವ ಬಿಕೆ7ನಂಥ ಗಾಜಿನಲ್ಲಿ ಬದಲಾವಣೆ ಡಿಗ್ರಿಗೆ ಸುಮಾರು 0.000003 ಮಾತ್ರ, ಅದೂ ಏರುಮುಖ.

ಎಟಿಸಿ ಎಂದರೆ ಕೊಳವೆಯೊಳಗಿರುವ, ಎರಡು ಬಗೆಯ ಲೋಹ ಬೆಸೆದ ಒಂದು ಪಟ್ಟಿ. ಬಿಸಿಗೆ ಅದು ಬಾಗಿ, ಓದುವ ಗೆರೆಯನ್ನು ಅಷ್ಟು ಸರಿಸುತ್ತದೆ. ಅಂದರೆ ಅದಕ್ಕೆ ತಿಳಿಯುವುದು ಮೀಟರಿನ ಬಿಸಿ, ರಸದ ಬಿಸಿಯಲ್ಲ. ಹನಿ ತೆಳ್ಳಗಿರುವುದರಿಂದ ಬೇಗ ಪ್ರಿಸಂನ ಬಿಸಿಗೇ ಬರುತ್ತದೆ. ಮುಚ್ಚಳ ಹಾಕಿ 30 ಸೆಕೆಂಡ್ ಕಾಯಲೇಬೇಕು. ಬಿಸಿಲಲ್ಲಿಟ್ಟ ಮೀಟರ್ ಕೆಲಸಕ್ಕೆ ಬರದು. ಸಾಮಾನ್ಯವಾಗಿ ಎಟಿಸಿಯ ವ್ಯಾಪ್ತಿ 10–30 ಡಿಗ್ರಿ, ಬೇಸಿಗೆಯ ವಿಜಯಪುರದ ಮಧ್ಯಾಹ್ನ ಅದನ್ನು ಸಲೀಸಾಗಿ ದಾಟುತ್ತದೆ.

ಕೊಂಡ ವಾರದಲ್ಲೇ, ವಾಪಸ್ ಅವಧಿ ಮುಗಿಯುವ ಮೊದಲು ಹೀಗೆ ಪರೀಕ್ಷಿಸಿ. 10 ಗ್ರಾಂ ಸಕ್ಕರೆಯನ್ನು 90 ಗ್ರಾಂ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ, ಬಾಟಲಿಯ ಮುಚ್ಚಳ ಬಿಗಿಮಾಡಿ. ಬೆಳಿಗ್ಗೆ 20 ಡಿಗ್ರಿ ಆಸುಪಾಸಿನಲ್ಲಿ ಡಿಸ್ಟಿಲ್ಡ್ ವಾಟರ್‌ನಿಂದ ಶೂನ್ಯ ಹೊಂದಿಸಿ ಓದಿ: 10 ಬರಬೇಕು. ಸ್ಕ್ರೂ ಮುಟ್ಟದೆ, 30 ಡಿಗ್ರಿ ಇರುವಾಗ ನೆರಳಲ್ಲಿ ಮತ್ತೆ ಓದಿ. ಆಗಲೂ 10ರ ಹತ್ತಿರವೇ ಇದ್ದರೆ ಎಟಿಸಿ ನಿಜ. 9.2–9.4ಕ್ಕೆ ಇಳಿದರೆ ಅದು ಬರೀ ಸ್ಟಿಕ್ಕರ್, ಮರಳಿಸಿ.

ಎಟಿಸಿ ಇಲ್ಲದಿದ್ದರೂ, ವ್ಯಾಪ್ತಿ ಮೀರಿದ್ದರೂ ಒಂದು ದಾರಿಯಿದೆ. ಮೀಟರ್, ನೀರು, ರಸ ಮೂರನ್ನೂ ಒಂದೇ ನೆರಳಲ್ಲಿಟ್ಟು, ಓದುವ ಮುಂಚೆ ಅದೇ ನೀರಿನಿಂದ ಶೂನ್ಯ ಹೊಂದಿಸಿಕೊಳ್ಳಿ. ನೀರಿಗೂ 20 ಬ್ರಿಕ್ಸ್ ರಸಕ್ಕೂ ತಾಪದ ತಪ್ಪು ಬಹುತೇಕ ಒಂದೇ ಆದ್ದರಿಂದ ಅದು ಕಳೆದುಹೋಗುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಹೊಂದಿಸಲು ಮರೆಯಬೇಡಿ.

ಆಲೆಮನೆಯ ಕುದಿಯುವ ಪಾಕಕ್ಕೆ ಇದನ್ನು ಬಳಸಲೇಬೇಡಿ. ಹನಿಯ ನೀರು ಆರಿ ಅಂಕಿ ಏರುತ್ತದೆ, ಪಾಕ 32ನ್ನು ದಾಟಿಯೂ ಇರುತ್ತದೆ. ಜೇನಿಗೆ 58–90 ಅಳತೆಯ ಬೇರೆ ಮೀಟರ್ ಬೇಕು. ಅದರ ಗೆರೆ 58ರಿಂದ ಶುರುವಾಗುವುದರಿಂದ ನೀರಿನಿಂದ ಹೊಂದಿಸಲಾಗದು, ಜೊತೆಗೆ ಬರುವ ಎಣ್ಣೆಯಿಂದಲೇ ಹೊಂದಿಸಬೇಕು.