ದೊಡ್ಡ ಮರದ ಗೆಲ್ಲು ಇಳಿಸಲು ಏಣಿಯೋ, ದೋಟಿಯೋ, ಮಿಷನ್ನೋ?

ಮರಗಸಿಯ, ಅಂದರೆ ಮರದ ಗೆಲ್ಲು ಸವರುವ ಕೆಲಸದ, ಸಾಮಾನು ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು ಅದು ಎಷ್ಟು ಬೇಗ ಕೊಯ್ಯುತ್ತದೆ ಅಂತ. ನನಗೆ ಬೇಕಾದ ಉತ್ತರ ಬೇರೆ ಎರಡು: ಕೊಯ್ಯುವವರ ಕಾಲು ಎಲ್ಲಿರುತ್ತದೆ, ಕೊಯ್ದ ಗೆಲ್ಲು ಎಲ್ಲಿಗೆ ಬೀಳುತ್ತದೆ. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಕಾಫಿಗೆ ನೆರಳಾಗಿ ಸಿಲ್ವರ್ ಓಕ್, ಹಾಲವಾಣ, ಅತ್ತಿ ಇವೆ. ಮನೆಯ ಹಂಚಿನ ಮಾಡಿನ ಮೇಲೆ ಬಾಗಿದ ಹಳೇ ಹಲಸು ಒಂದು, ಕರೆಂಟ್ ಲೈನಿನ ಪಕ್ಕದ ಮಾವು ಇನ್ನೊಂದು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಮುಂಗಾರು ಹಿಡಿಯುವುದರೊಳಗೆ ಇವನ್ನೆಲ್ಲ ಸವರಿ ಮುಗಿಸಬೇಕು. ನೆರಳು ದಟ್ಟವಾಗಿಯೇ ಉಳಿದರೆ ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ ಗ್ಯಾರಂಟಿ. ಆ ಅವಸರದಲ್ಲೇ ಜನ ಬೀಳುವುದು, ಕರೆಂಟ್ ಹೊಡೆಸಿಕೊಳ್ಳುವುದು. ಹಾಗಾಗಿ ಈ ಕೆಲಸಕ್ಕೆ ನಾನು ಬಳಸಿ ನೋಡಿದ ಸಾಮಾನುಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ಹೇಳುತ್ತೇನೆ.

ಅಲ್ಯೂಮಿನಿಯಂ ಏಣಿಯಿಂದ ಶುರು ಮಾಡುವೆ, ಯಾಕೆಂದರೆ ಅದು ಎಲ್ಲ ತೋಟದಲ್ಲೂ ಇದೆ. ಕಾಳುಮೆಣಸು ಕೊಯ್ಯಲು ತಂದದ್ದು ಮರಗಸಿಗೂ ಬರುತ್ತದೆ. ಹಗುರ, ಇಬ್ಬರು ಸೇರಿದರೆ ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು, ಮಳೆಯಲ್ಲಿ ಕೊಳೆಯುವುದಿಲ್ಲ. ಆದರೆ ಕೊಡಗು, ಚಿಕ್ಕಮಗಳೂರು, ಹಾಸನದ ಪತ್ರಿಕೆ ಓದುವವರಿಗೆ ಗೊತ್ತು: ಏಣಿ ಎತ್ತಿ ಇನ್ನೊಂದು ಮರಕ್ಕೆ ಸಾಗಿಸುವಾಗ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹತ್ತಿದಾಗಲ್ಲ, ಸಾಗಿಸುವಾಗ. ಕಣ್ಣು ಬುಡದ ಮೇಲಿರುತ್ತದೆ, ತುದಿ ಎಲೆಗಳ ನಡುವೆ ಎಲ್ಲೋ ಇರುತ್ತದೆ. 11 ಕೆವಿ ಲೈನಾದರೆ ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಕರೆಂಟ್ ಹಾರಿ ಬರುತ್ತದೆ. ಹಾಗಾಗಿ ಲೈನ್ ಹಾದುಹೋಗುವ ಪಟ್ಟಿಯಲ್ಲಿ ನಮ್ಮಲ್ಲಿ ಅಲ್ಯೂಮಿನಿಯಂ ಏಣಿ ಇಳಿಯುವುದೇ ಇಲ್ಲ. ಬಿದಿರಿನ ಏಣಿ ಒಣಗಿದ್ದಾಗ ವಾಸಿ, ಒದ್ದೆಯಾದರೆ ಅದನ್ನೂ ನಂಬಬಾರದು. ಗ್ಲಾಸ್ ಫೈಬರ್ ಏಣಿ ಭಾರ, ದುಬಾರಿ, ಆದರೂ ಮನೆಯ ಸುತ್ತ ನಾನು ಬಳಸುವುದು ಅದನ್ನೇ.

ಇಷ್ಟಾದರೂ ಯಾವ ಏಣಿಯೂ ಕೊಯ್ಯುವ ಜಾಗವಲ್ಲ. ಗೆಲ್ಲಿಗೇ ಏಣಿ ಒರಗಿಸಿ ಆ ಗೆಲ್ಲನ್ನೇ ಕೊಯ್ದರೆ, ಭಾರ ಕಳಚಿದ ಕೂಡಲೇ ಉಳಿದ ತುಂಡು ಮೇಲಕ್ಕೆ ಚಿಮ್ಮುತ್ತದೆ, ಏಣಿಗೆ ಒರಗಲು ಏನೂ ಇರುವುದಿಲ್ಲ. ಇಲ್ಲವೇ ಕೆಳಗೆ ಬಿದ್ದ ಗೆಲ್ಲು ಹೊರಳಿ ಏಣಿಯ ಬುಡಕ್ಕೇ ಬಂದು ಬಡಿಯುತ್ತದೆ. ಏಣಿ ಇರುವುದು ಮೊದಲ ಕವಲು ಮುಟ್ಟಲಿಕ್ಕೆ. ಅಲ್ಲಿಂದ ಮುಂದೆ ಹಗ್ಗ.

ದೋಟಿಗೆ, ಅಂದರೆ ಉದ್ದನೆಯ ಕೋಲಿಗೆ, ಗರಗಸ ಕಟ್ಟಿ ನೆಲದಿಂದಲೇ ಕೊಯ್ಯುವುದು ನನ್ನ ಮೊದಲ ಆಯ್ಕೆ. ಮಣಿಕಟ್ಟಿನ ದಪ್ಪದವರೆಗಿನ ಗೆಲ್ಲಿಗೆ, ಇಪ್ಪತ್ತಡಿ ಎತ್ತರದವರೆಗೆ, ಇದಕ್ಕಿಂತ ಸುರಕ್ಷಿತ ದಾರಿ ನಾನು ಕಂಡಿಲ್ಲ. ಕುತ್ತಿಗೆ ನೋಯುತ್ತದೆ, ಹೊಟ್ಟು ಕಣ್ಣಿಗೆ ಬೀಳುತ್ತದೆ. ಕನ್ನಡಕ, ಹೆಲ್ಮೆಟ್ ಹಾಕಿದರೆ ಅದನ್ನು ತಡೆದುಕೊಳ್ಳಬಹುದು. ಕೊಯ್ಯುವ ಗೆಲ್ಲಿನ ನೇರ ಕೆಳಗೆ ನಿಲ್ಲದೆ ದೋಟಿಯನ್ನು ಓರೆಯಾಗಿ ಹಿಡಿದು ಎಳೆಯಬೇಕು, ಅಷ್ಟೇ.

ಯಾವ ದೋಟಿ ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಅಡಿಕೆ ಕೊಯ್ಲಿಗೆಂದು ಈಗ ಎಲ್ಲೆಡೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಅದ್ಭುತವಾಗಿ ಹಗುರ. ‘ಫೈಬರ್’ ಎಂಬ ಹೆಸರು ಕೇಳಿ ಅದಕ್ಕೆ ಕರೆಂಟ್ ಹಾಯುವುದಿಲ್ಲ ಎಂದು ನಂಬಿದವರು ಬಹಳ ಮಂದಿ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಹರಿಯದಿರುವುದು ಒಣಗಿದ, ಶುದ್ಧವಾಗಿರುವ ಗ್ಲಾಸ್ ಫೈಬರ್‌ನಲ್ಲಿ. ತೋಟದ ನಡುವೆ ಕಾರ್ಬನ್ ದೋಟಿ ಸುಖ. ಲೈನ್ ಕಾಣುವ ಕಡೆ ಅದೂ ಅಲ್ಯೂಮಿನಿಯಂ ಏಣಿಯ ಸಾಲಿಗೇ ಸೇರಿದ್ದು. ಗ್ಲಾಸ್ ಫೈಬರಿನದನ್ನೂ ನಾನು ತಂತಿಯಿಂದ ಹತ್ತಡಿಯೊಳಗೆ ಒಯ್ಯುವುದಿಲ್ಲ. ಆ ಮಾವಿನ ಮರವನ್ನು ಲೈನ್‌ಮನ್ ಬಂದು ಲೈನ್ ಆಫ್ ಮಾಡಿಸಿ, ಆಗಿದೆ ಎಂದು ಎದುರಿಗೇ ನಿಂತು ಹೇಳಿದ ಮೇಲೆಯೇ ಮುಟ್ಟುವುದು. ಮನೆಯಲ್ಲಿ ಕರೆಂಟ್ ಹೋಗಿದೆ ಎಂಬುದು ಲೆಕ್ಕಕ್ಕಿಲ್ಲ, ಅದು ಯಾವ ಗಳಿಗೆಯಲ್ಲೂ ಬರಬಹುದು.

ದೋಟಿ ಮುಟ್ಟದ ಎತ್ತರಕ್ಕೆ ಮರ ಹತ್ತುವವರೇ ಬೇಕು. ನಮ್ಮಲ್ಲಿ ಹತ್ತುವವರ ಕೈಯಲ್ಲಿ ಕತ್ತಿ ಇರುವುದು ರೂಢಿ. ಕತ್ತಿಯ ವೇಗ ಹಾಲವಾಣದಂಥ ಮೆದು ಮರಕ್ಕೆ ಒಪ್ಪುತ್ತದೆ. ಆದರೆ ಬೀಸಲು ಜಾಗ ಬೇಕು, ಹಿಡಿತ ಒಂದೇ ಕೈಯದು, ಬೀಸಿದ ಕತ್ತಿಗೆ ಸೊಂಟದ ಹಗ್ಗವೂ ದೂರವಲ್ಲ. ಗೆಲ್ಲು ಅರ್ಧ ಕಡಿದಾಗ ಸಿಗಿದುಕೊಂಡು ಬೊಡ್ಡೆಯ ಸಿಪ್ಪೆಯನ್ನೂ ಎಳೆದುಕೊಂಡು ಹೋಗುತ್ತದೆ. ಬಾಗಿದ ಹಲ್ಲಿನ ಮಡಚುವ ಗರಗಸ ಇದಕ್ಕಿಂತ ಎಷ್ಟೋ ಮೇಲು. ಎಳೆದಾಗ ಮಾತ್ರ ಕೊಯ್ಯುತ್ತದೆ, ಆಯ ತಪ್ಪಿಸುವುದಿಲ್ಲ, ಕೆಲಸ ಮುಗಿದರೆ ಒರೆಗೆ ಹೋಗುತ್ತದೆ. ನಮ್ಮಲ್ಲಿ ಹತ್ತುವ ಅಣ್ಣ ಮೊದಲು ಒಪ್ಪಲಿಲ್ಲ, ಈಗ ಕತ್ತಿಯನ್ನು ಸೊಪ್ಪು ಸವರಲು ಮಾತ್ರ ಒಯ್ಯುತ್ತಾರೆ.

ಗರಗಸವಿದ್ದರೆ ಗೆಲ್ಲನ್ನು ಮೂರು ಕೊಯ್ತದಲ್ಲಿ ಇಳಿಸಬಹುದು. ಬೊಡ್ಡೆಯಿಂದ ಒಂದಡಿ ಆಚೆ ಅಡಿಯಿಂದ ಸ್ವಲ್ಪ ಕೊಯ್ದು, ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ ಕೊಯ್ದರೆ ಭಾರ ಹೋಗುತ್ತದೆ, ಸಿಗಿಯುವುದಿಲ್ಲ. ಉಳಿದ ಮೋಟನ್ನು ಕೊನೆಯಲ್ಲಿ, ಗೆಲ್ಲು ಬೊಡ್ಡೆ ಸೇರುವಲ್ಲಿರುವ ಉಬ್ಬಿನ ಹೊರಗೆ ಕೊಯ್ಯಬೇಕು. ಬೊಡ್ಡೆಗೆ ಸಮವಾಗಿ ನುಣ್ಣಗೆ ಕೊಯ್ದರೆ ನೋಡಲು ಚೆಂದ, ಆದರೆ ಆ ಉಬ್ಬು ಹೋದರೆ ಗಾಯ ಮುಚ್ಚುವ ಶಕ್ತಿಯೇ ಹೋಯಿತು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೀಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ತೋರಿಸಿಕೊಟ್ಟ ವಿಷಯ ಇದು: ಮರ ಗಾಯವನ್ನು ವಾಸಿ ಮಾಡುವುದಿಲ್ಲ, ಸುತ್ತ ಗೋಡೆ ಕಟ್ಟಿ ಒಳಗೇ ಬಂಧಿಸುತ್ತದೆ. ನಮ್ಮ ಹಲಸಿನಲ್ಲಿ ಹಿಂದೆ ಸಮವಾಗಿ ಕಡಿದ ಕಡೆಯೆಲ್ಲ ಪೊಟರೆ ಬಿದ್ದಿದೆ, ಉಬ್ಬು ಬಿಟ್ಟು ಕೊಯ್ದ ಕಡೆ ತೊಗಟೆ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ.

ಹತ್ತುವವರಿಗೆ ಹಗ್ಗ ಎರಡಿರಬೇಕು. ಒಂದು ಮೈಗೆ, ಸರಿಯಾದ ಹಾರ್ನೆಸ್ ಸಮೇತ, ಕೊಯ್ಯುವ ಗೆಲ್ಲಿಗಿಂತ ಮೇಲಿನ ಗಟ್ಟಿ ಕವಲಿಗೆ ಹಾಕಿದ್ದು. ಇನ್ನೊಂದು ಗೆಲ್ಲಿಗೆ, ಕೆಳಗೆ ಇನ್ನೊಂದು ಮರದ ಬುಡಕ್ಕೆ ಸುತ್ತು ಹಾಕಿ ನಿಧಾನ ಬಿಡುವಂಥದ್ದು. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ಹಲಸಿನ ತುಂಡು ಸುಮಾರು ಎರಡು ಕ್ವಿಂಟಲ್ ತೂಗುತ್ತದೆ. ಅದನ್ನು ಬರೀ ಕೈಯಲ್ಲಿ ಹಿಡಿದು ಇಳಿಸುತ್ತೇವೆ ಎನ್ನುವವರನ್ನು ತೋಟಕ್ಕೆ ಕರೆಯಲೇಬೇಡಿ. ಹತ್ತುವ ಮೊದಲು ಹೆಜ್ಜೇನು, ಕಣಜ, ಚಗಳಿ (ಮರದ ಕೆಂಪಿರುವೆ) ಗೂಡು ಇದೆಯೇ ಅಂತ ಕೆಳಗಿನಿಂದಲೇ ಸುತ್ತ ನೋಡಬೇಕು. ಚಗಳಿ ಮೈಗೇರಿದರೆ ಮನುಷ್ಯ ಹಗ್ಗ ಬಿಟ್ಟು ಮೈ ಕೊಡವಿಕೊಳ್ಳುತ್ತಾನೆ.

ಇನ್ನು ಚೈನ್ ಸಾ. ಪೆಟ್ರೋಲ್ ಮಿಷನ್ ನೆಲದ ಮೇಲೆ ಬಿದ್ದ ಮರಕ್ಕೆ ಹೇಳಿ ಮಾಡಿಸಿದ್ದು. ಪೆಟ್ರೋಲ್ ಲೀಟರಿಗೆ 20 ಮಿಲಿ 2ಟಿ (ಟು-ಸ್ಟ್ರೋಕ್ ಇಂಜಿನ್) ಎಣ್ಣೆ ಬೆರೆಸಿ ಹಾಕಿದರೆ ದಿನವಿಡೀ ದುಡಿಯುತ್ತದೆ, ಸಿಲ್ವರ್ ಓಕ್ ಬೊಡ್ಡೆಯನ್ನು ಬೆಣ್ಣೆಯಂತೆ ಕೊಯ್ಯುತ್ತದೆ. ಸದ್ದು 100 ಡೆಸಿಬಲ್ ದಾಟುತ್ತದೆ, ಕಿವಿಗೆ ಇಯರ್ ಮಫ್ ಇಲ್ಲದೆ ಹಿಡಿಯಬಾರದು. ನಿಜವಾದ ಅಪಾಯ ಚೈನ್ ಸುತ್ತುವ ಉದ್ದನೆಯ ಪಟ್ಟಿಯ ಮೂತಿಯ ಮೇಲ್ಭಾಗದಲ್ಲಿದೆ. ಅದು ಇನ್ನೊಂದು ಗೆಲ್ಲಿಗೆ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಎಗರುತ್ತದೆ. ಎರಡೂ ಕೈಯಲ್ಲಿ, ಹೆಬ್ಬೆರಳು ಸುತ್ತಿ ಹಿಡಿದಾಗಲೇ, ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಸರಿಯಾಗಿ ಕಾಯುವುದು. ಏಣಿಯ ಮೇಲೆ ನಿಂತವರಿಗೆ ಎರಡು ಕೈ ಎಲ್ಲಿಂದ ಬರಬೇಕು?

ಬ್ಯಾಟರಿಯದು ಹೊಗೆಯಿಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಹೆಣಗಾಟವಿಲ್ಲ, ಕೈ ಬಿಟ್ಟ ಕೂಡಲೇ ನಿಲ್ಲುತ್ತದೆ. ಮನೆಯ ಸುತ್ತಲಿನ ಕೆಲಸಕ್ಕೆ ನನಗೆ ಇದೇ ಹಿತ, ದಪ್ಪ ಬೊಡ್ಡೆಗೆ ಬ್ಯಾಟರಿ ಸಾಲದು. ಒಂದು ಕೈಯಲ್ಲಿ ಹಿಡಿಯುವ ಆರಿಂಚಿನ ಪುಟ್ಟ ಮಿಷನ್ನುಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿವೆಯಲ್ಲ, ಅವನ್ನು ನಾನು ಯಾರಿಗೂ ಹೇಳುವುದಿಲ್ಲ. ಇನ್ನೊಂದು ಕೈ ತಾನಾಗಿಯೇ ಗೆಲ್ಲು ಹಿಡಿಯಲು ಚೈನಿನ ಮುಂದೆ ಹೋಗುತ್ತದೆ, ಎಷ್ಟೋ ಮಾದರಿಗಳಲ್ಲಿ ಚೈನ್ ಬ್ರೇಕೇ ಇಲ್ಲ.

ಬುಡಸಮೇತ ಉರುಳಿಸುವುದಾದರೆ ಮರದ ಎತ್ತರದ ಎರಡು ಪಟ್ಟು ದೂರದವರೆಗೆ ಯಾರೂ ಇರಬಾರದು, ಕೊಯ್ಯುವವರಿಗೆ ಹಿಂದೆ ಓರೆಯಾಗಿ ಓಡಲು ದಾರಿ ಸವರಿರಬೇಕು. ಬೀಳುವ ಕಡೆ ದಪ್ಪದ ಕಾಲು ಭಾಗದಷ್ಟು ಬಾಯಿ ತೆಗೆದು, ಹಿಂದಿನಿಂದ ಕೊಯ್ಯುತ್ತಾ ನಡುವೆ ದಪ್ಪದ ಹತ್ತನೇ ಒಂದು ಭಾಗದಷ್ಟು ಮರ ಬಿಡಬೇಕು. ಬಾಗಿಲಿನ ತಿರುಗಣಿಯ ಕೆಲಸ ಮಾಡುವುದು ಅದೇ. ಅದನ್ನೂ ಕೊಯ್ದುಬಿಟ್ಟರೆ ಮರ ಯಾವ ಕಡೆಗೂ ಬೀಳಬಹುದು. ಜೋರಾಗಿ ವಾಲಿದ ಮರ ಅರ್ಧದಲ್ಲೇ ಉದ್ದಕ್ಕೆ ಸೀಳಿ ಹಿಂದಕ್ಕೆ ಎದ್ದು ಹೊಡೆಯುತ್ತದೆ. ಅಂಥದ್ದನ್ನು ಅನುಭವಸ್ಥರಿಗೇ ಬಿಡಬೇಕು. ಸಿಲ್ವರ್ ಓಕ್, ಗಾಳಿಮರ, ನೀಲಗಿರಿ, ತೆಂಗಿಗೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬೀಟೆ, ತೇಗದಂಥವಕ್ಕೆ ಅನುಮತಿ ಬೇಕೇ ಬೇಕು, ಉಳಿದವನ್ನು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಕೊಂಡೇ ಕಡಿಯಬೇಕು.

ಮಾಡಿನ ಮೇಲಿನ ಹಲಸಿಗೆ ಮಾತ್ರ ಈ ಯಾವುದೂ ಸಾಲದು. ಒಳಗೆ ಪೊಟರೆಯಾದ ಗೆಲ್ಲಿಗೆ ಮೈಹಗ್ಗವನ್ನೂ ನಂಬಿ ಕಟ್ಟಲಾಗುವುದಿಲ್ಲ. ಅಂಗಳದವರೆಗೆ ಲಾರಿ ಬರುವ ದಾರಿಯಿದ್ದರೆ ಕ್ರೇನ್ ತರಿಸುವುದೇ ಸರಿ. ಗೆಲ್ಲನ್ನು ಮೊದಲೇ ಬೆಲ್ಟಿನಲ್ಲಿ ಹಿಡಿದು ಆಮೇಲೆ ಕೊಯ್ದರೆ ಒಂದು ಹಂಚೂ ಒಡೆಯುವುದಿಲ್ಲ. ಬಾಡಿಗೆ ಜಾಸ್ತಿ, ಆದರೆ ಮಾಡು ಹೊಸದಾಗಿ ಕಟ್ಟುವುದಕ್ಕೆ ಹೋಲಿಸಿದರೆ ಏನೂ ಅಲ್ಲ. ನಮ್ಮ ಕಡೆಯ ಇಳಿಜಾರಿನ ಬಹಳಷ್ಟು ಮನೆಗಳಿಗೆ ಕ್ರೇನ್ ಹತ್ತುವುದೇ ಇಲ್ಲ. ಅಂಥಲ್ಲಿ ಒಂದೇ ವರ್ಷಕ್ಕೆ ಮರ ಬೋಳಿಸುವ ಬದಲು, ಮಾಡಿನ ಕಡೆಯ ಗೆಲ್ಲುಗಳ ತುದಿಯನ್ನು ವರ್ಷ ವರ್ಷ ದೋಟಿಯಲ್ಲೇ ಹಗುರ ಮಾಡುತ್ತಾ ಬನ್ನಿ. ಒಂದು ಸಲಕ್ಕೆ ಇಡೀ ಮರದ ಸೊಪ್ಪಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ತೆಗೆದರೆ ಬೊಡ್ಡೆ ತುಂಬ ಸಡಿಲ ಚಿಗುರೊಡೆದು ನಾಲ್ಕು ವರ್ಷದಲ್ಲಿ ಅವೇ ಮಾಡಿನ ಮೇಲೆ ಮುರಿದು ಬೀಳುತ್ತವೆ.